ಮೆರ್ತೊಲಾ: ಮರೆತ ಮನೆಯ ಬಾಗಿಲು ತೆರೆದ ಊರು

ಅದೊಂದು ಚರ್ಚು. ಪೋರ್ಚುಗಲ್ ದೇಶದ ದಕ್ಷಿಣ ಭಾಗದಲ್ಲಿ, ಗ್ವಾದಿಯಾನಾ ನದಿಯ ದಂಡೆಯ ಗುಡ್ಡದ ಮೇಲೆ, ಹಳೆಯ ಕೋಟೆಯ ಬದಿಯಲ್ಲಿದೆ. ಹೊರಗೋಡೆಗಳಿಗೆ ಬೆಳ್ಳಗೆ ಸುಣ್ಣ ಬಳಿದಿದ್ದಾರೆ. ಒಳಗೆ ಕಾಲಿಟ್ಟರೆ ಕಂಬಗಳ ಸಾಲು, ಎದುರಿಗೆ ಬಲಿಪೀಠ. ಬಲಿಪೀಠದ ಹಿಂದಿನ ಗೋಡೆಯಲ್ಲಿ ಒಳಕ್ಕೆ ಸರಿದ ಒಂದು ಗೂಡು, ಅದರ ಸುತ್ತ ಗಚ್ಚಿನಲ್ಲಿ ಮಾಡಿದ ಕಮಾನುಗಳ ಕುಸುರಿ ಕೆಲಸ. ಮುಸ್ಲಿಮ್ ಮನೆಯಲ್ಲಿ ಹುಟ್ಟಿದ ಮಗುವಿಗೆ ಅದೇನೆಂದು ಹೇಳಿಕೊಡಬೇಕಾಗಿಲ್ಲ. ಅದು ಮಿಹ್ರಾಬ್.

ಸುಮಾರು ಎಂಟು ಶತಮಾನಗಳ ಹಿಂದೆ ಇಲ್ಲಿ ಇಮಾಮರು ನಿಂತು ನಮಾಝ್ ನಡೆಸುತ್ತಿದ್ದರು. ಈಗ ಕ್ರೈಸ್ತರ ಆರಾಧನೆ ನಡೆಯುತ್ತದೆ. ಆದರೆ ಆ ಮಿಹ್ರಾಬನ್ನು ಯಾರೂ ಮುಚ್ಚಿಟ್ಟಿಲ್ಲ. ಕುದುರೆ ಲಾಳದಾಕಾರದ ಕಮಾನುಗಳಿರುವ ಹಳೆಯ ಬಾಗಿಲುಗಳನ್ನೂ ಕೆಡವಿಲ್ಲ. ಊರಿನವರು ಬಂದವರನ್ನೆಲ್ಲ ಕರೆದು, ‘ನೋಡಿ, ಇದು ನಮ್ಮ ಮಸೀದಿಯಾಗಿತ್ತು’ ಎಂದು ತೋರಿಸುತ್ತಾರೆ. ‘ಅವರ ಮಸೀದಿ’ ಎಂದಲ್ಲ, ‘ನಮ್ಮ’ ಎಂದು. ಆ ಒಂದು ಶಬ್ದವನ್ನು ಹೇಳಲು ಕಲಿತದ್ದೇ ಮೆರ್ತೊಲಾ ಎಂಬ ಈ ಪುಟ್ಟ ಊರಿನ ಕತೆ.

ಪೋರ್ಚುಗೀಸರೆಂದರೆ ನಮ್ಮ ಕರಾವಳಿಯ ಓದುಗರಿಗೆ ನೆನಪಾಗುವುದು ಬೇರೆಯೇ ಚಿತ್ರ. 1498ರಲ್ಲಿ ಮಲಬಾರಿಗೆ ಬಂದಿಳಿದ ವಾಸ್ಕೊ ಡ ಗಾಮ, ಆತ 1502ರಲ್ಲಿ ಮಲಬಾರಿನ ಸಮುದ್ರದಲ್ಲಿ ಸುಟ್ಟುಹಾಕಿದ ಹಜ್ ಯಾತ್ರಿಕರ ಹಡಗು, ಅವರ ವಿರುದ್ಧ ಸೆಟೆದು ನಿಂತ ಉಳ್ಳಾಲದ ರಾಣಿ ಅಬ್ಬಕ್ಕ. ವಾಸ್ಕೊ ಡ ಗಾಮ ಹುಟ್ಟಿದ್ದು ಮೆರ್ತೊಲಾ ಇರುವ ಅಲೆಂತೆಜು ಪ್ರಾಂತದಲ್ಲಿಯೇ. ಆತ ಸೇರಿದ್ದ ಸಾಂತಿಯಾಗು ಎಂಬ ಸೈನಿಕ ಧರ್ಮಸಂಘವೇ ಮೆರ್ತೊಲಾವನ್ನು ಶತಮಾನಗಳ ಕಾಲ ಆಳಿತ್ತು. ಅಂತಹ ನಾಡಿನ ಒಂದು ಮೂಲೆಯಲ್ಲಿ ಇಂದು ಮುಸ್ಲಿಮರ ನೆನಪನ್ನು ಜತನದಿಂದ ಕಾಪಾಡಲಾಗುತ್ತಿದೆ ಎಂದರೆ ಅಚ್ಚರಿಯಾಗದಿರದು.

ನದಿ ಮುಗಿಯುವಲ್ಲಿ ಊರು ಆರಂಭ

ಮೆರ್ತೊಲಾ ನಮ್ಮ ತಾಲೂಕಿನಂತಹ ಒಂದು ಆಡಳಿತ ಘಟಕ. ಅದೇ ಹೆಸರಿನ ಪಟ್ಟಣ ಅದರ ಕೇಂದ್ರ. ವಿಸ್ತೀರ್ಣ ಸುಮಾರು 1293 ಚದರ ಕಿಲೋಮೀಟರ್. ಜನಸಂಖ್ಯೆ 2021ರ ಗಣತಿಯ ಪ್ರಕಾರ ಸುಮಾರು 6200 ಮಾತ್ರ. ಅಂದರೆ ಒಂದು ಚದರ ಕಿಲೋಮೀಟರಿಗೆ ಐದು ಮಂದಿ! ಕಲ್ಲುನೆಲ, ತೆಳು ಮಣ್ಣು, ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅಪರೂಪಕ್ಕೆ ಸುರಿಯುವ ಮಳೆ. ಅಲ್ಲಲ್ಲಿ ಆಲಿವ್ ಮರಗಳು, ಓಕ್ ಮರಗಳು, ಕುರಿಮಂದೆಗಳು.

ಇಂತಹ ಬಡ ನೆಲದಲ್ಲಿ ಊರು ಹುಟ್ಟಲು ಕಾರಣ ನದಿ. ಸಮುದ್ರದಿಂದ ಸುಮಾರು 70 ಕಿಲೋಮೀಟರ್ ಒಳಗೆ ಮೆರ್ತೊಲಾದವರೆಗೆ ಮಾತ್ರ ಗ್ವಾದಿಯಾನಾ ನದಿಯಲ್ಲಿ ಹಡಗುಗಳು ಬರಬಲ್ಲವು. ಅದಕ್ಕೂ ಮೇಲೆ ಬಂಡೆಗಳು, ‘ತೋಳನ ಜಿಗಿತ’ ಎಂದು ಹೆಸರಿರುವ ಜಲಪಾತ. ಆದುದರಿಂದ ಒಳನಾಡಿನ ಧಾನ್ಯ ಮತ್ತು ಲೋಹ ಇಲ್ಲಿ ಹಡಗೇರುತ್ತಿತ್ತು, ಮೆಡಿಟರೇನಿಯನ್ ಸಮುದ್ರದ ಕಡೆಯ ಸರಕು ಇಲ್ಲಿ ಇಳಿಯುತ್ತಿತ್ತು. ರೋಮನ್ನರ ಕಾಲದಲ್ಲಿ ಇದು ಮಿರ್ತಿಲಿಸ್. ಎಂಟನೆಯ ಶತಮಾನದ ಆರಂಭದಲ್ಲಿ ಮುಸ್ಲಿಮರ ಆಳ್ವಿಕೆ ಬಂದಾಗ ಮಾರ್ತುಲಾ. ನದಿಯ ಹೆಸರಿನಲ್ಲಿರುವ ‘ಗ್ವಾದಿ’ಯೂ ಅರಬಿಯ ‘ವಾದಿ’ಯೇ. ರೋಮನ್ನರು ‘ಅನಾಸ್’ ಎನ್ನುತ್ತಿದ್ದ ನದಿ ಅರಬರ ಬಾಯಲ್ಲಿ ‘ವಾದಿ ಆನ’ ಆಯಿತು, ಮುಂದೆ ಗ್ವಾದಿಯಾನಾ ಆಯಿತು.

ಐದು ಶತಮಾನಗಳಿಗೂ ಹೆಚ್ಚು ಕಾಲ ಮೆರ್ತೊಲಾ ಮುಸ್ಲಿಮ್ ಅಂದಲೂಸಿನ ಪಶ್ಚಿಮ ಭಾಗದ ಒಂದು ಬಂದರು ಪಟ್ಟಣವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಕೆಲವು ವರ್ಷ ಸ್ವತಂತ್ರ ಪುಟ್ಟ ರಾಜ್ಯವಾಗಿಯೂ ಇತ್ತು. 1044ರಲ್ಲಿ ಸೆವಿಲ್ಲೆಯ ಅರಸರು ಅದನ್ನು ವಶಪಡಿಸಿಕೊಂಡರು. 1144ರಲ್ಲಿ ಇಬ್ನ್ ಕಸೀ ಎಂಬ ಸೂಫಿ ಗುರು ತನ್ನ ಮುರೀದರೊಂದಿಗೆ ಇಲ್ಲಿಯ ಕೋಟೆಯನ್ನು ಹಿಡಿದು, ಆಳುತ್ತಿದ್ದ ಅಲ್ ಮುರಾಬಿತರ ವಿರುದ್ಧ ಬಂಡೆದ್ದರು. ಅವರು ಬರೆದ ‘ಖಲ್ಉನ್ನಅಲೈನ್’ ಗ್ರಂಥಕ್ಕೆ ಪ್ರಸಿದ್ಧ ಸೂಫಿ ಚಿಂತಕ ಇಬ್ನ್ ಅರಬಿ ವ್ಯಾಖ್ಯಾನ ಬರೆದಿದ್ದಾರೆ. ಇಬ್ನ್ ಕಸೀ 1151ರಲ್ಲಿ ಕೊಲೆಯಾದರು. ಇಂದು ಕೋಟೆಯ ಬುಡದಲ್ಲಿ ಕುದುರೆಯೇರಿದ ಅವರ ಪ್ರತಿಮೆಯಿದೆ. ನಿಲ್ಲಿಸಿದವರು ಮುಸ್ಲಿಮರಲ್ಲ, ಊರಿನ ಆಡಳಿತದವರು.

ಆ ನಂತರ ಬಂದ ಅಲ್ ಮುವಹ್ಹಿದರ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ, ನಾವು ಆರಂಭದಲ್ಲಿ ನೋಡಿದ ಮಸೀದಿ ಕಟ್ಟಲ್ಪಟ್ಟಿತು. 1238ರಲ್ಲಿ ಪೋರ್ಚುಗಲಿನ ಅರಸ ಎರಡನೆಯ ಸಾಂಶು ಊರನ್ನು ಗೆದ್ದ. ಮಸೀದಿ ಚರ್ಚಾಯಿತು. 1496ರ ಕೊನೆಗೆ ದೊರೆ ಮಾನುವೆಲ್, ಮುಸ್ಲಿಮರು ಮತ್ತು ಯಹೂದಿಗಳು ಮತಾಂತರವಾಗಬೇಕು ಇಲ್ಲವೇ ದೇಶ ಬಿಡಬೇಕು ಎಂದು ಆಜ್ಞೆ ಹೊರಡಿಸಿದ. ಬಾಂಗ್ ನಿಂತು ಶತಮಾನಗಳಾಗಿದ್ದರೂ 1510ರ ಸುಮಾರಿಗೆ ದುವಾರ್ತೆ ದೆ ಆರ್ಮಸ್ ಎಂಬಾತ ದೊರೆಗಾಗಿ ಗಡಿಕೋಟೆಗಳ ಚಿತ್ರ ಬರೆದಾಗ ಮೆರ್ತೊಲಾದ ಕಟ್ಟಡ ಮಸೀದಿಯ ರೂಪದಲ್ಲೇ ಇತ್ತು. ಅದೇ ಶತಮಾನದಲ್ಲಿ ಅದರ ಚಾವಣಿಯನ್ನು ಹೊಸದಾಗಿ ಕಟ್ಟಿದರು.

ಹಳೆಯ ಪಾಳುಗೋಡೆ ಕಂಡಲ್ಲೆಲ್ಲ ‘ಅದು ಮೂರರ ಕಾಲದ್ದು’ ಎಂದು ಹೇಳುವ ರೂಢಿ ಪೋರ್ಚುಗಲಿನ ಹಳ್ಳಿಗಳಲ್ಲಿದೆ. ಮೂರರು ಎಂದರೆ ಮುಸ್ಲಿಮರು. ಬಾವಿಯಲ್ಲೋ ಗುಹೆಯಲ್ಲೋ ಮಾಯೆಗೆ ಸಿಕ್ಕಿ ನಿಧಿ ಕಾಯುತ್ತಿರುವ ಮೂರ್ ಹೆಣ್ಣಿನ ಕತೆಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಶಾಲೆಯಲ್ಲಿ ಮಾತ್ರ ಮೂರರೆಂದರೆ ಸೋಲಿಸಿ ಓಡಿಸಲ್ಪಟ್ಟ ಶತ್ರುಗಳು ಎಂಬ ಪಾಠ. ನಿಧಿ ನಿಜವಾಗಿಯೂ ನೆಲದಡಿಯಲ್ಲಿದೆ ಎಂದು ಯಾರೂ ಊಹಿಸಿರಲಿಲ್ಲ.

ಗಣಿ ಮುಚ್ಚಿತು, ಊರು ಖಾಲಿಯಾಯಿತು

ಇಪ್ಪತ್ತನೆಯ ಶತಮಾನದ ನಡುವಿಗೆ ಮೆರ್ತೊಲಾದ ಸ್ಥಿತಿ ಶೋಚನೀಯವಾಗಿತ್ತು. 1929ರಲ್ಲಿ ಸರಕಾರ ದೇಶದಲ್ಲಿ ಗೋಧಿ ಬೆಳೆಸುವ ದೊಡ್ಡ ಆಂದೋಲನ ಆರಂಭಿಸಿತು. ಉಳಬಾರದ ಇಳಿಜಾರುಗಳನ್ನೂ ಉತ್ತರು. ಕೆಲವೇ ವರ್ಷಗಳಲ್ಲಿ ತೆಳುವಾದ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆದ್ದಿತು.

ಇನ್ನೊಂದು ಆಸರೆ ಸಾಂವ್ ದೊಮಿಂಗುಶ್ ಎಂಬಲ್ಲಿಯ ತಾಮ್ರದ ಗಣಿ. ಮೇಸನ್ ಅಂಡ್ ಬ್ಯಾರಿ ಎಂಬ ಬ್ರಿಟಿಷ್ ಕಂಪೆನಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅದನ್ನು ನಡೆಸಿತು. ಅದಿರನ್ನು ನದಿಯ ದಂಡೆಗೆ ಸಾಗಿಸಲು ರೈಲು ಹಾಕಿತು, ಅಧಿಕಾರಿಗಳಿಗೆ ಅರಮನೆಯಂತಹ ಕಟ್ಟಡ ಕಟ್ಟಿಸಿತು. ಕೂಲಿಯವರಿಗೆ ಕೊಟ್ಟದ್ದು ಕುಟುಂಬಕ್ಕೊಂದರಂತೆ ಸುಮಾರು 16 ಚದರ ಮೀಟರಿನ ಕೋಣೆ. ಅಡುಗೆ, ಮಲಗುವಿಕೆ, ಬಾಣಂತನ ಎಲ್ಲವೂ ಅದೊಂದರಲ್ಲೇ. 1966ರಲ್ಲಿ ಗಣಿ ಮುಚ್ಚಿತು. ಗಂಡಸರು ಲಿಸ್ಬನ್ನಿಗೆ, ಫ್ರಾನ್ಸಿಗೆ, ಜರ್ಮನಿಗೆ ದುಡಿಯಲು ಹೊರಟರು. 1950ರಲ್ಲಿ ಸುಮಾರು 29 ಸಾವಿರ ಜನರಿದ್ದ ಮೆರ್ತೊಲಾದಲ್ಲಿ ಮನೆಗಳಿಗೆ ಬೀಗ ಬೀಳತೊಡಗಿತು. ಗಲ್ಫಿನ ದಾರಿ ನೋಡುತ್ತಾ ದಿನ ಎಣಿಸಿದ ನಮ್ಮ ಮನೆಗಳ ತಾಯಂದಿರಿಗೆ ಅಲ್ಲಿ ಉಳಿದ ಹೆಂಗಸರ ಪಾಡನ್ನು ವಿವರಿಸಬೇಕಾಗಿಲ್ಲ.

ಮೇಯರ್ ಮತ್ತು ಮೇಷ್ಟ್ರು

1974ರಲ್ಲಿ ಪೋರ್ಚುಗಲಿನಲ್ಲಿ ಸರ್ವಾಧಿಕಾರ ಕೊನೆಗೊಂಡಿತು. ಮೊದಲ ಬಾರಿಗೆ ಜನರೇ ಊರಿನ ಆಡಳಿತವನ್ನು ಆರಿಸಿದರು. ಮೆರ್ತೊಲಾದ ಮೇಯರ್ ಆದವರು ಸೆರ್ರಾಂವ್ ಮಾರ್ತಿನ್ಸ್ ಎಂಬ ಯುವಕ. ಲಿಸ್ಬನ್ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಪಾಠ ಹೇಳಿದ್ದವರು ಇತಿಹಾಸಕಾರ ಕ್ಲೌಡಿಯೊ ಟೋರೆಸ್. 1939ರಲ್ಲಿ ಹುಟ್ಟಿದ ಟೋರೆಸ್ ಸರ್ವಾಧಿಕಾರದ ಕಾಲದಲ್ಲಿ ಸೆರೆಮನೆ ಕಂಡವರು. ಸಣ್ಣ ದೋಣಿಯಲ್ಲಿ ತಪ್ಪಿಸಿಕೊಂಡು ಮೊರೊಕ್ಕೊ ತಲಪಿ, ಬಳಿಕ ರುಮೇನಿಯಾದಲ್ಲಿ ವರ್ಷಗಟ್ಟಲೆ ಇದ್ದು, ದೇಶ ಸ್ವತಂತ್ರವಾಗಿ ಉಸಿರಾಡತೊಡಗಿದ ಮೇಲೆ ಮರಳಿ ಬಂದವರು.

ಶಿಷ್ಯ ಗುರುವನ್ನು ಊರಿಗೆ ಕರೆದರು. ಕೋಟೆಯ ಬದಿಯ ಹಾಳು ನೆಲದಲ್ಲಿ ಮಡಕೆಯ ಚೂರುಗಳು ಬಿದ್ದಿದ್ದವು. ಅವು ಮುಸ್ಲಿಮ್ ಕಾಲದ ಬಣ್ಣದ ಪಾತ್ರೆಗಳ ಚೂರುಗಳೆಂದು ಟೋರೆಸ್ ಗುರುತಿಸಿದರು. 1978ರಲ್ಲಿ ಉತ್ಖನನ ಆರಂಭವಾಯಿತು. ನಂತರ ಅವರು ಕುಟುಂಬ ಸಮೇತ ಮೆರ್ತೊಲಾಕ್ಕೆ ಬಂದು ನೆಲೆಸಿದರು. ಮೆರ್ತೊಲಾ ಪುರಾತತ್ವ ಕೇಂದ್ರ ಹುಟ್ಟಿಕೊಂಡಿತು.

ಅವರ ನಿಲುವು ಸರಳವಾಗಿತ್ತು. ಮಣ್ಣಿನಿಂದ ಸಿಕ್ಕಿದ್ದು ರಾಜಧಾನಿಯ ಮ್ಯೂಸಿಯಮ್ಮಿಗೆ ಹೋಗಬಾರದು, ಈ ಊರಿನಲ್ಲೇ ಉಳಿಯಬೇಕು. ಅಗೆಯುವ, ತೊಳೆಯುವ, ಜೋಡಿಸುವ ಕೆಲಸವನ್ನು ಊರಿನ ಮಕ್ಕಳೂ ಕಲಿಯಬೇಕು. ಹಾಗೆ ಮೆರ್ತೊಲಾದಲ್ಲಿ ಒಂದು ದೊಡ್ಡ ಮ್ಯೂಸಿಯಮ್ಮಿನ ಬದಲು ಇಡೀ ಊರೇ ಮ್ಯೂಸಿಯಮ್ ಆಯಿತು. ಪುರಸಭೆ ಕಟ್ಟಡದ ನೆಲಮಾಳಿಗೆಯಲ್ಲಿ ರೋಮನ್ ಮನೆಯೊಂದರ ಅಡಿಪಾಯ, ಇನ್ನೊಂದೆಡೆ ಕಮ್ಮಾರನ ಹಳೆಯ ಕುಲುಮೆ, ಮತ್ತೊಂದೆಡೆ ಆರಂಭಿಕ ಕ್ರೈಸ್ತರ ಸಮಾಧಿಕಲ್ಲುಗಳು, 2001ರಲ್ಲಿ ತೆರೆದ ಇಸ್ಲಾಮೀ ಕಲೆಯ ಸಂಗ್ರಹ. ಒಂದರಿಂದ ಇನ್ನೊಂದಕ್ಕೆ ಓಣಿಗಳಲ್ಲಿ ನಡೆದೇ ಹೋಗಬೇಕು.

1991ರಲ್ಲಿ ಟೋರೆಸ್ ಅವರಿಗೆ ಪೋರ್ಚುಗಲಿನ ಪ್ರತಿಷ್ಠಿತ ಪೆಸೊವಾ ಪ್ರಶಸ್ತಿ ದೊರೆಯಿತು. ಆದರೆ ಅವರ ದೊಡ್ಡ ಕೊಡುಗೆ ಒಂದು ಪ್ರಶ್ನೆ: ಇಲ್ಲಿಯ ಮುಸ್ಲಿಮರು ಯಾರು? ಎಲ್ಲೋ ಮರುಭೂಮಿಯಿಂದ ಬಂದು, ಸೋತ ಮೇಲೆ ಎದ್ದುಹೋದವರೇ? ಅಲ್ಲ ಎಂದರು ಅವರು. ಇಲ್ಲಿನ ಹಳೆಯ ದಫನ ಭೂಮಿಯಲ್ಲಿ ಕೆಳಗೆ ಕ್ರೈಸ್ತ ಗೋರಿಗಳು, ಅವುಗಳ ಮೇಲೆಯೇ ಮುಸ್ಲಿಮ್ ಗೋರಿಗಳು. ಅಜ್ಜನನ್ನು ಹೂತಲ್ಲಿಯೇ ಮೊಮ್ಮಗನನ್ನೂ ಹೂತಿದ್ದಾರೆ, ಮುಖದ ದಿಕ್ಕು ಮಾತ್ರ ಕಿಬ್ಲಾದ ಕಡೆಗೆ ಹೊರಳಿದೆ. ವ್ಯಾಪಾರದ ಹಡಗುಗಳೊಂದಿಗೆ ಬಂದ ಧರ್ಮವನ್ನು ಇಲ್ಲಿಯವರೇ ನಿಧಾನವಾಗಿ ಒಪ್ಪಿಕೊಂಡರು, ಮುಂದೆ ಅವರ ಸಂತತಿಯಲ್ಲಿ ಬಹಳಷ್ಟು ಮಂದಿ ಕ್ರೈಸ್ತರಾಗಿ ಇಲ್ಲಿಯೇ ಉಳಿದರು ಎಂಬುದು ಅವರ ವಾದ. ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಯುದ್ಧವೂ ಸ್ಥಳಾಂತರವೂ ಇದ್ದವು ಎನ್ನುತ್ತಾರೆ. ಆದರೆ ಮೆರ್ತೊಲಾದ ರೈತನಿಗೆ ಆ ವಾದ ಹೊಸ ಕಣ್ಣು ಕೊಟ್ಟಿತು. ನೆಲದಡಿಯ ಜನ ಶತ್ರುಗಳಲ್ಲ, ಪೂರ್ವಜರು.

ಅಡುಗೆಮನೆ ಹೇಳಿದ ಇತಿಹಾಸ

ಉತ್ಖನನದಲ್ಲಿ ಸಿಕ್ಕಿದ್ದು ಚಿನ್ನದ ಕಿರೀಟವಲ್ಲ, ಮನೆಗಳು. ಕೋಟೆಯ ಪಕ್ಕದಲ್ಲಿ ಅಲ್ ಮುವಹ್ಹಿದರ ಕಾಲದ ಒಂದು ಇಡೀ ಕೇರಿಯೇ ಹೊರಬಂದಿತು. ನಮ್ಮ ತೊಟ್ಟಿ ಮನೆಯ ಹಾಗೆ ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ಬೀದಿಯಿಂದ ಒಳಬರುವ ದಾರಿ ನೇರವಾಗಿಲ್ಲ, ಒಂದು ತಿರುವಿದೆ. ಬಾಗಿಲು ತೆರೆದಿದ್ದರೂ ದಾರಿಹೋಕರಿಗೆ ಅಂಗಳದಲ್ಲಿ ಕುಳಿತ ಹೆಂಗಸರು ಕಾಣದಂತೆ ಮಾಡಿದ ವ್ಯವಸ್ಥೆ. ಒಂದು ಬದಿಗೆ ಮುಖ್ಯ ಕೋಣೆ, ಅದರ ತುದಿಯಲ್ಲಿ ಮಲಗಲು ಎತ್ತರಿಸಿದ ಜಾಗ. ಇನ್ನೊಂದು ಬದಿಗೆ ಒಲೆಯಿರುವ ಅಡುಗೆಮನೆ. ಪ್ರತ್ಯೇಕ ಶೌಚಾಲಯ, ಅಲ್ಲಿಂದ ಬೀದಿಯ ಚರಂಡಿಗೆ ಕಲ್ಲಿನ ಕಾಲುವೆ. ಎಂಟುನೂರು ವರ್ಷಗಳ ಹಿಂದಿನ ಬಡ ಕೇರಿಯ ಮನೆಯಲ್ಲಿ ಈ ಅನುಕೂಲವಿತ್ತು. ಗಣಿ ಕೂಲಿಯವರ ಒಂಟಿ ಕೋಣೆಯನ್ನು ನೆನೆದರೆ, ಕಾಲ ಮುಂದಕ್ಕೆ ಹೋದಂತೆ ಬದುಕು ತಾನಾಗಿ ಮುಂದೆ ಹೋಗುವುದಿಲ್ಲ ಎಂದು ತಿಳಿಯುತ್ತದೆ. ಅಂತಹ ಒಂದು ಮನೆಯನ್ನು ಅದರದ್ದೇ ಅಳತೆಯಲ್ಲಿ ಹತ್ತಿರದಲ್ಲಿ ಮರಳಿ ಕಟ್ಟಿ ತೋರಿಸಿದ್ದಾರೆ.

ಮ್ಯೂಸಿಯಮ್ಮಿನ ಕಪಾಟುಗಳಲ್ಲಿರುವುದೂ ಹೆಚ್ಚಾಗಿ ಹೆಂಗಸರ ಕೈ ಮುಟ್ಟಿದ ವಸ್ತುಗಳು. ಮಸಿ ಹಿಡಿದ ಅಡುಗೆ ಮಡಕೆ, ನೀರಿನ ಹೂಜಿ, ಎಣ್ಣೆ ದೀಪ, ಎಲುಬಿನಿಂದ ಮಾಡಿದ ನೂಲುವ ಸಲಕರಣೆಯ ತುಂಡು. ಹಸಿರು ಮತ್ತು ಕಂದು ಬಣ್ಣದಲ್ಲಿ ಚಿತ್ರ ಬರೆದ ಬಟ್ಟಲುಗಳು. ಅದರಲ್ಲೊಂದರ ಮೇಲೆ ಜಿಂಕೆಯ ಬೇಟೆಯ ದೃಶ್ಯವಿದೆ. ಮೆರ್ತೊಲಾದ ಹೆಸರನ್ನು ಹೊರಗೆ ಹಬ್ಬಿಸಿದ್ದು ಅದು. ಈ ಪಾತ್ರೆಗಳಲ್ಲಿ ಕೆಲವು ದೂರದ ಊರುಗಳಿಂದ ಹಡಗಿನಲ್ಲಿ ಬಂದವು. ಗುಡ್ಡಗಾಡಿನ ಪಟ್ಟಣವೊಂದರ ಗೃಹಿಣಿ ಸಮುದ್ರದಾಚೆಯ ಬಟ್ಟಲನ್ನು ಇಷ್ಟಪಟ್ಟು ಕೊಂಡಿದ್ದಳು. ಒಡೆದಾಗ ಬೇಸರಪಟ್ಟುಕೊಂಡೇ ಎಸೆದಿರಬೇಕು.

ನೆಲದಡಿಯಲ್ಲಿ ಮಾತ್ರವಲ್ಲ, ಇಂದಿನ ಅಡುಗೆಮನೆಯಲ್ಲಿಯೂ ಆ ಕಾಲ ಉಳಿದಿದೆ. ಅಲೆಂತೆಜು ಪ್ರಾಂತದ ಮನೆಮನೆಯ ಊಟ ‘ಅಸೋರ್ದಾ’. ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಸೊಪ್ಪನ್ನು ಜಜ್ಜಿ, ಆಲಿವ್ ಎಣ್ಣೆ ಬೆರೆಸಿ, ಕುದಿವ ನೀರು ಹೊಯ್ದು, ಅದರಲ್ಲಿ ಒಣಗಿದ ರೊಟ್ಟಿಯ ತುಂಡುಗಳನ್ನು ನೆನೆಹಾಕುತ್ತಾರೆ. ಮೇಲೆ ನೀರಿನಲ್ಲಿ ಬೇಯಿಸಿದ ಮೊಟ್ಟೆ. ಯುರೋಪಿನ ಬಹುಭಾಗದ ಅಡುಗೆಯಲ್ಲಿ ಕೊತ್ತಂಬರಿ ಸೊಪ್ಪು ಅಪರೂಪ, ಇಲ್ಲಿ ಅದಿಲ್ಲದೆ ಊಟವಿಲ್ಲ. ಅಸೋರ್ದಾ ಎಂಬ ಹೆಸರು ಬಂದದ್ದು ಅರಬಿಯ ‘ಸರೀದ್’ನಿಂದ. ಹದೀಸ್ ಓದಿದವರಿಗೆ ಪರಿಚಿತವಾದ, ಪ್ರವಾದಿವರ್ಯರಿಗೆ(ಸ) ಪ್ರಿಯವಾಗಿದ್ದ ಅದೇ ರೊಟ್ಟಿಯ ಖಾದ್ಯ!

ಭಾಷೆಯೂ ಹಾಗೆಯೇ. ಪೋರ್ಚುಗೀಸರು ಆಲಿವ್ ಎಣ್ಣೆಗೆ ‘ಅಝೈತೆ’ (ಅಝ್ಝೈತ್) ಎನ್ನುತ್ತಾರೆ, ಸಕ್ಕರೆಗೆ ‘ಅಸೂಕರ್’ (ಅಸ್ಸುಕ್ಕರ್), ಅಕ್ಕಿಗೆ ‘ಅರ್ರೋಸ್’ (ಅರ್ರುಝ್), ತಲೆದಿಂಬಿಗೆ ‘ಅಲ್ಮುಫಾದ’ (ಅಲ್ ಮಿಖದ್ದ), ದರ್ಜಿಗೆ ‘ಅಲ್ಫಯಾತೆ’ (ಅಲ್ ಖಯ್ಯಾತ್). ಏನಾದರೂ ಒಳಿತಾಗಲಿ ಎಂದು ಹಾರೈಸುವಾಗ ‘ಒಶಲಾ’ ಎನ್ನುತ್ತಾರೆ. ಅದು ‘ಅಲ್ಲಾಹನು ಇಚ್ಛಿಸಿದರೆ’ ಎಂಬ ಅರಬಿ ಮಾತಿನ ಸವೆದ ರೂಪ. ಹೇಳುವವರಿಗೆ ಅದರ ಮೂಲ ಗೊತ್ತಿರಬೇಕೆಂದಿಲ್ಲ. ನಾವು ಚಾವಿ, ಬಾಲ್ದಿ ಎನ್ನುವಾಗ ಪೋರ್ಚುಗೀಸ್ ಮಾತನಾಡುತ್ತಿದ್ದೇವೆಂದು ನಮಗೂ ನೆನಪಿರುವುದಿಲ್ಲವಲ್ಲ!

ಮಗ್ಗದ ಮುಂದೆ ಕುಳಿತವರು

ಮೆರ್ತೊಲಾದ ಇನ್ನೊಂದು ಸೊತ್ತು ಅದರ ಉಣ್ಣೆಯ ಕಂಬಳಿಗಳು. ಕುರಿಯ ಬಿಳಿ ಮತ್ತು ಕಂದು ಉಣ್ಣೆಯನ್ನು ಬಣ್ಣ ಹಾಕದೆ ನೂತು, ಮರದ ಕೈಮಗ್ಗದಲ್ಲಿ ನೇಯುತ್ತಾರೆ. ಚೌಕ, ತ್ರಿಕೋನ, ಅಂಕುಡೊಂಕು ಗೆರೆಗಳ ವಿನ್ಯಾಸ. ಇದೇ ಬಗೆಯ ವಿನ್ಯಾಸ ಮೊರೊಕ್ಕೊದ ಬರ್ಬರ್ ಹೆಂಗಸರ ನೇಯ್ಗೆಯಲ್ಲಿದೆ. ಅದನ್ನು ಪುಸ್ತಕದಿಂದ ಯಾರೂ ಕಲಿತದ್ದಲ್ಲ. ತಾಯಿ ನೇಯುವುದನ್ನು ಮಗಳು ನೋಡಿದಳು, ಮಗಳನ್ನು ನೋಡಿ ಮೊಮ್ಮಗಳು. ದೊರೆಗಳು ಬದಲಾದರು, ಧರ್ಮ ಬದಲಾಯಿತು, ಮಗ್ಗದ ಮೇಲಿನ ಗೆರೆ ಬದಲಾಗಲಿಲ್ಲ.

ಕಾರ್ಖಾನೆಯ ಅಗ್ಗದ ಹೊದಿಕೆ ಬಂದಾಗ ಈ ಕಸುಬು ಅಳಿವಿನಂಚಿಗೆ ಬಂತು. ಉತ್ಖನನದ ತಂಡ ಊರಿನ ವಯಸ್ಸಾದ ನೇಕಾರ್ತಿಯರಿಂದ ಎಳೆಯರಿಗೆ ಕಲಿಸುವ ಕಾರ್ಯಾಗಾರ ಏರ್ಪಡಿಸಿತು. ಆ ನೇಯ್ಗೆಮನೆ ಮ್ಯೂಸಿಯಮ್ಮಿನ ಭಾಗವಾಯಿತು. ಬಂದವರು ಅಲ್ಲಿ ಗಾಜಿನ ಹಿಂದಿನ ವಸ್ತುವನ್ನಲ್ಲ, ಲಾಳಿ ಓಡಿಸುವ ಹೆಂಗಸನ್ನು ನೋಡುತ್ತಾರೆ, ಇಷ್ಟವಾದರೆ ಕಂಬಳಿ ಕೊಳ್ಳುತ್ತಾರೆ. ಒಂದು ಕಂಬಳಿಗೆ ಬಹಳ ದಿನಗಳ ದುಡಿಮೆ ಬೇಕು, ಬೆಲೆಯೂ ಹಾಗೆಯೇ ಹೆಚ್ಚು. ಕಲಿಯಲು ಮುಂದೆ ಬರುವ ಹುಡುಗಿಯರು ಕಡಿಮೆ.

ಮೇ ತಿಂಗಳ ಸೂಕ್

2001ರಿಂದ ಎರಡು ವರ್ಷಗಳಿಗೊಮ್ಮೆ ಮೇ ತಿಂಗಳಲ್ಲಿ ಇಲ್ಲಿ ‘ಇಸ್ಲಾಮೀ ಉತ್ಸವ’ ನಡೆಯುತ್ತಾ ಬಂದಿದೆ. ಕೊರೋನಾ ಕಾಲದಲ್ಲಿ ಮಾತ್ರ ಒಮ್ಮೆ ನಿಂತಿತ್ತು. ಇಕ್ಕಟ್ಟಾದ ಓಣಿಗಳ ಮೇಲೆ ಬಣ್ಣದ ಬಟ್ಟೆಗಳನ್ನು ಹರಡಿ ನೆರಳು ಮಾಡುತ್ತಾರೆ. ಮೊರೊಕ್ಕೊ ಮೊದಲಾದ ಕಡೆಯಿಂದ ವ್ಯಾಪಾರಿಗಳು ಬಂದು ಚರ್ಮದ ಸಾಮಾನು, ಮಸಾಲೆ, ಪುದೀನಾ ಚಹಾದ ಅಂಗಡಿ ಹಾಕುತ್ತಾರೆ. ಅರಬಿ ಸಂಗೀತದ ಜೊತೆಗೆ, 2014ರಲ್ಲಿ ಯುನೆಸ್ಕೊದ ಮನ್ನಣೆ ಪಡೆದ ಅಲೆಂತೆಜಿನ ಸಾಮೂಹಿಕ ಹಾಡುಗಾರಿಕೆ. ವಿದ್ವಾಂಸರ ಉಪನ್ಯಾಸಗಳೂ ಇರುತ್ತವೆ. ನಾಲ್ಕು ದಿನ ಸಾವಿರಾರು ಜನ ಸೇರುತ್ತಾರೆ.

ಇದೆಲ್ಲ ಪ್ರವಾಸಿಗರಿಗಾಗಿ ಕಟ್ಟಿದ ವೇಷವಲ್ಲವೇ ಎಂದು ಕೇಳಬಹುದು. ಆ ಅಂಶ ಇಲ್ಲದಿಲ್ಲ. ಸೂಕ್ ಮುಗಿದು ಬಟ್ಟೆ ಇಳಿಸಿದ ಮೇಲೆ ಊರಿನಲ್ಲಿ ಉಳಿಯುವುದು ವಯಸ್ಸಾದವರು. ಮಿಹ್ರಾಬ್ ಇದೆ, ಅದರ ಮುಂದೆ ಸಾಲಾಗಿ ನಿಲ್ಲುವವರಿಲ್ಲ. ಪರಂಪರೆ ಎಷ್ಟೇ ಶ್ರೀಮಂತವಾಗಿದ್ದರೂ ಅದೊಂದೇ ಹೊಟ್ಟೆ ತುಂಬಿಸದು ಎಂಬುದಕ್ಕೆ 6200ರ ಲೆಕ್ಕವೇ ಸಾಕ್ಷಿ. ಉದ್ಯೋಗ ಬೇಕು, ನೀರು ಬೇಕು, ಶಾಲೆಗೆ ಮಕ್ಕಳು ಬೇಕು.

ಆದರೂ ಊರು ಕೈಚೆಲ್ಲಿಲ್ಲ. 1995ರಲ್ಲಿ ಗ್ವಾದಿಯಾನಾ ಕಣಿವೆಯನ್ನು ರಕ್ಷಿತ ನಿಸರ್ಗಧಾಮವಾಗಿ ಘೋಷಿಸಲಾಯಿತು. ಅಳಿವಿನಂಚಿನಲ್ಲಿದ್ದ ಐಬೀರಿಯಾದ ಲಿಂಕ್ಸ್ ಎಂಬ ಕಾಡುಬೆಕ್ಕನ್ನು 2014ರ ಕೊನೆಯಿಂದ ಮೆರ್ತೊಲಾದ ಕಾಡಿನಲ್ಲಿ ಬಿಡಲಾರಂಭಿಸಿದರು, ಅವು ಮರಿಹಾಕಿ ಹೆಚ್ಚಿವೆ. ಗೋಧಿ ಬೆಳೆದು ಬರಡಾದ ನೆಲದಲ್ಲಿ ಮರ ನೆಟ್ಟು ಮಣ್ಣು ಉಳಿಸುವ ಪ್ರಯೋಗಗಳು ನಡೆಯುತ್ತಿವೆ. 2017ರಲ್ಲಿ ಮೆರ್ತೊಲಾ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಗೆದ್ದವರು ಸೋತವರ ಗುರುತನ್ನು ಅಳಿಸಿಹಾಕುವುದು ಜಗತ್ತಿನ ಹಳೆಯ ಚಾಳಿ. ಅಳಿಸಿದ್ದನ್ನು ಮತ್ತೆ ಅಳಿಸಿಯೇ ಸೇಡು ತೀರಿಸಬೇಕೆಂದು ಹೊರಡುವವರೂ ಎಲ್ಲ ಕಾಲದಲ್ಲೂ ಇದ್ದಾರೆ. ಮೆರ್ತೊಲಾ ಎರಡನ್ನೂ ಮಾಡಲಿಲ್ಲ. ಚರ್ಚು ಚರ್ಚಾಗಿಯೇ ಉಳಿಯಿತು, ಮಿಹ್ರಾಬ್ ಮಿಹ್ರಾಬಾಗಿಯೇ ಕಾಣಿಸುತ್ತಿದೆ. ಕೆಳಗಿನ ರೋಮನ್ ಮನೆ, ನಡುವಿನ ಕ್ರೈಸ್ತ ಗೋರಿ, ಮೇಲಿನ ಮುಸ್ಲಿಮ್ ಅಡುಗೆಮನೆ ಯಾವುದನ್ನೂ ಬಿಟ್ಟುಕೊಡದೆ ಎಲ್ಲವನ್ನೂ ನಮ್ಮವರದೇ ಎಂದಿತು.

ಅಲ್ಲಿಯ ಬಟ್ಟಲುಗಳನ್ನು ಗಮನಿಸಿದರೆ ಒಂದು ವಿಷಯ ಕಾಣುತ್ತದೆ. ಚೂರುಗಳನ್ನು ಜೋಡಿಸುವಾಗ ಸಿಗದೇ ಹೋದ ಜಾಗವನ್ನು ಬಣ್ಣ ಬಳಿದು ಮರೆಮಾಚಿಲ್ಲ, ಬರಿದಾಗಿಯೇ ಬಿಟ್ಟಿದ್ದಾರೆ. ಎಲ್ಲಿ ಒಡೆದಿತ್ತು ಎಂಬುದು ಎದ್ದು ಕಾಣುತ್ತದೆ. ಆದರೂ ಅದು ಬಟ್ಟಲು ಎಂದು ಯಾರಿಗೂ ತಿಳಿಯುತ್ತದೆ.